ಹುಲಿಯಾನ ಎದೆಪಟ್ಟಿ: ತಿಕೋಟಾದ ಗೆಳೆಯನಿಗೊಂದು ಪತ್ರ

ಪ್ರೀತಿಯ ದೋಸ್ತ,

ನೀನು ಕಳಿಸಿದ ಫೋಟೊ ನೋಡಿ ಹೊಟ್ಟೆಯಲ್ಲಿ ಸಂಕಟವಾಯಿತು. ನಿನ್ನ ನಾಯಿ ಹುಲಿಯಾನ ಕಂಕುಳಲ್ಲಿ ಕೂದಲು ಉದುರಿ ಚರ್ಮ ಕೆಂಪಾಗಿದೆಯಲ್ಲ, ಅದು ನೈಲಾನ್ ಎದೆಪಟ್ಟಿಯ ಅಂಚಿನ ಕೆಲಸ. ದ್ರಾಕ್ಷಿ ತೋಟದಲ್ಲಿ ನೀರು ಬಿಟ್ಟಾಗ ಪಟ್ಟಿ ನೆನೆಯುತ್ತದೆ, ಮಣ್ಣು ನೇಯ್ಗೆಯೊಳಗೆ ಕೂರುತ್ತದೆ, ಒಣಗಿದ ಮೇಲೆ ರಾತ್ರಿಯೆಲ್ಲ ಅದೇ ಜಾಗ ತಿಕ್ಕುತ್ತದೆ. ಮೊದಲು ಗಾಯ ಮಾಯಲಿ. ಅಲ್ಲಿಯವರೆಗೆ ಅಗಲದ ಕೊರಳಪಟ್ಟಿಯಲ್ಲೇ ತಿರುಗಾಡಿಸು.

ಚರ್ಮದ ಹಾರ್ನೆಸ್ (ಎದೆಪಟ್ಟಿ) ಆನ್‌ಲೈನಿನಲ್ಲಿ ಯಾವುದು ತರಿಸಲಿ ಅಂತ ಕೇಳಿದ್ದಿ. ತರಿಸಬೇಡ, ಹೊಲಿಸು. ಅಲ್ಲಿ ‘ಎಲ್’, ‘ಎಕ್ಸೆಲ್’ ಅಂತ ಕೊಡುವುದು ಹೆಚ್ಚಾಗಿ ಎದೆಯ ಸುತ್ತಳತೆಯೊಂದನ್ನೇ ನೋಡಿ. ಹುಲಿಯಾ ಜರ್ಮನ್ ಶೆಫರ್ಡ್, ಕೊರಳು ದಪ್ಪ, ಎದೆ ಆಳ. ಅವನಿಗೆ ಸುತ್ತಳತೆ ಸರಿಹೋದರೆ ಮುಂದಿನ ಪಟ್ಟಿ ಗಂಟಲಿಗೆ ಏರುತ್ತದೆ, ಮುಂದಿನದು ಸರಿಹೋದರೆ ಹಿಂದಿನದು ಕಂಕುಳಿಗೆ ಜಾರುತ್ತದೆ.

ನೀನು ಚರ್ಮದ ಬಗ್ಗೆ ಕೇಳಿದ್ದಿ, ನಾನು ಹೆಗಲಿನಿಂದ ಶುರು ಮಾಡುತ್ತೇನೆ. ನಮ್ಮ ಹೆಗಲನ್ನು ಕೊರಳೆಲುಬು ಎದೆಗೂಡಿಗೆ ಕೂಡಿಸುತ್ತದೆ. ನಾಯಿಗೆ ಅಂಥ ಗಟ್ಟಿ ಕೊಂಡಿಯಿಲ್ಲ. ಅದರ ಮುಂಗಾಲುಗಳನ್ನು ಮೈಗೆ ಹಿಡಿದಿರುವುದು ಸ್ನಾಯುಗಳು, ಹಾಗಾಗಿಯೇ ಓಡುವಾಗ ಹೆಗಲು ಅಷ್ಟು ಮುಂದಕ್ಕೆ ಚಾಚುತ್ತದೆ. ಎದೆಗೆ ಅಡ್ಡಲಾಗಿ ಒಂದೇ ಪಟ್ಟಿ ಬಿಗಿದರೆ ಆ ಹೆಗಲಿಗೇ ತಡೆ. ಬೇಕಾದದ್ದು ಮುಂದಿನಿಂದ ನೋಡಿದರೆ ಇಂಗ್ಲಿಷಿನ ‘ವೈ’ (Y) ಅಕ್ಷರದ ಹಾಗೆ ಕಾಣುವ ಪಟ್ಟಿ: ಕೊರಳ ಬುಡದ ಎರಡೂ ಬದಿಯಿಂದ ಇಳಿದು ಎದೆಯ ಮುಂದಿನ ಮೂಳೆಯ ಮೇಲೆ ಕೂಡಿ, ಮುಂಗಾಲುಗಳ ನಡುವೆ ಹಾದು, ಹೊಟ್ಟೆಯಡಿಯ ಪಟ್ಟಿಗೆ ಸೇರುವಂಥದ್ದು. ಆಗ ಅವನು ಜಗ್ಗಿದ ಭಾರವನ್ನೆಲ್ಲ ಎದೆಮೂಳೆ ಹೊರುತ್ತದೆ, ಶ್ವಾಸನಾಳ ಅಲ್ಲ. ರಾತ್ರಿ ಹಂದಿಯ ವಾಸನೆ ಹಿಡಿದು ಅವನು ಮುನ್ನುಗ್ಗುವುದನ್ನು ನಾನೇ ನೋಡಿದ್ದೇನೆ, ಆ ಜಗ್ಗಾಟವನ್ನು ಗಂಟಲು ತಡೆಯಬಾರದು.

ಚಪ್ಪಲಿ ಹೊಲಿಯುವವರ ಊರು ಅಥಣಿಯಲ್ಲಿ ಕೂತು ನಾನು ಹೊಲಿಸು ಅನ್ನದೆ ಮತ್ತೇನು ಹೇಳಲಿ? ಕೊಲ್ಹಾಪುರಿ ಚಪ್ಪಲಿಗೆ 2019ರಲ್ಲಿ ಭೌಗೋಳಿಕ ಗುರುತು (ಜಿಐ ಟ್ಯಾಗ್) ಸಿಕ್ಕಾಗ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆ ನಮ್ಮ ಬೆಳಗಾವಿ, ಬಾಗಲಕೋಟೆ, ವಿಜಯಪುರ, ಧಾರವಾಡವೂ ಸೇರಿದವು. ಜಾಲಿ ತೊಗಟೆ, ಅಳಲೆಕಾಯಿ ಹಾಕಿ ಹದ ಮಾಡಿದ ಎಮ್ಮೆ ಚರ್ಮದ ಗುಣ ಇಲ್ಲಿಯವರ ಕೈಗೆ ಗೊತ್ತು. ಹಾರ್ನೆಸ್ಸಿಗೂ ಅದೇ ಬೇಕು. ಭಾರ ಹೊರುವ ಪಟ್ಟಿಗಳಿಗೆ ಬೆನ್ನಿನ ಭಾಗದ ಚರ್ಮವನ್ನೇ ಕೇಳು. ಹೊಟ್ಟೆಯ ಭಾಗದ್ದು ಅಗ್ಗ, ಆದರೆ ಜಗ್ಗಿದಷ್ಟೂ ಉದ್ದವಾಗುತ್ತದೆ, ಇವತ್ತಿನ ಅಳತೆ ಬರುವ ತಿಂಗಳಿಗೆ ಇರುವುದಿಲ್ಲ. ದಪ್ಪ ನಾಲ್ಕು ಮಿಲಿಮೀಟರಿನ ಆಸುಪಾಸು, ಅಗಲ ಒಂದು ಇಂಚಿಗೆ ಕಡಿಮೆ ಬೇಡ. ಕಂಕುಳ ಹತ್ತಿರ ಬರುವ ಕಡೆ ಒಳಗೆ ಮೆತ್ತನೆಯ ಆಡಿನ ಚರ್ಮ ಹಚ್ಚಿಸು, ಅಂಚುಗಳನ್ನು ತೀಡಿ ದುಂಡಗೆ ಮಾಡಿಸು. ಕತ್ತರಿಸಿದ ಅಂಚನ್ನು ಬೆಳಕಿಗೆ ಹಿಡಿದು ನೋಡು. ತೊಗಟೆಯಲ್ಲಿ ಹದವಾದ ಚರ್ಮ ಒಳಗೂ ಕಂದು, ಕ್ರೋಮಿನಲ್ಲಿ (ಕ್ರೋಮಿಯಂ ಉಪ್ಪಿನಲ್ಲಿ) ಹದವಾದದ್ದರ ನಡುವೆ ಸಾಮಾನ್ಯವಾಗಿ ನೀಲಿ-ಬೂದು ಗೆರೆ ಕಾಣುತ್ತದೆ. ಕ್ರೋಮಿನದು ಕೆಟ್ಟದ್ದು ಅಂತ ಅಲ್ಲ, ನೀರಿಗೆ ಚೆನ್ನಾಗಿಯೇ ತಡೆಯುತ್ತದೆ. ಆದರೆ ಮೈಯ ಬಿಸಿಗೆ ನಿಧಾನವಾಗಿ ಆ ನಾಯಿಯ ಆಕಾರಕ್ಕೇ ಒಗ್ಗಿಕೊಳ್ಳುವುದು ತೊಗಟೆಯ ಚರ್ಮ, ನನ್ನ ಒಲವು ಅದಕ್ಕೇ.

ಹರಿಯುವುದು ಚರ್ಮಕ್ಕಿಂತ ಹೆಚ್ಚಾಗಿ ಹೊಲಿಗೆ, ಮುರಿಯುವುದು ಬಕ್ಕಲ್. ಮೇಣ ಹಚ್ಚಿದ ದಾರದಲ್ಲಿ ಎರಡು ಸೂಜಿ ಹಾಕಿ ಕೈಯಲ್ಲೇ ಹೊಲಿಯಲು ಹೇಳು. ಹಾಗೆ ಹೊಲಿದಾಗ ಒಂದು ಕಡೆ ದಾರ ಹರಿದರೂ ಇನ್ನೊಂದು ಎಳೆ ಹಿಡಿದಿರುತ್ತದೆ. ಬೆನ್ನ ಮೇಲಿನ ರಿಂಗು ಬೆಸುಗೆ ಹಾಕಿದ್ದಿರಲಿ, ಬರೀ ಬಾಗಿಸಿ ತುದಿ ಕೂಡಿಸಿದ್ದು ಬೇಡ. ಆ ರಿಂಗನ್ನು ಮೇಲೊಂದು ತುಂಡು ಚರ್ಮ ಇಟ್ಟು ರಿವೆಟ್ ಹೊಡೆದು ಕೂರಿಸಿದರೆ ಒಪ್ಪಬೇಡ, ಮೈ ಸುತ್ತುವ ಪಟ್ಟಿಯೇ ರಿಂಗಿನೊಳಗಿಂದ ಹಾದು ಬರಬೇಕು. ಬಕ್ಕಲಿಗೆ ಗಟ್ಟಿ ಹಿತ್ತಾಳೆ ಅಥವಾ ಸ್ಟೇನ್‌ಲೆಸ್ ಸ್ಟೀಲು. ಹಿತ್ತಾಳೆ ಅಂದದ್ದಕ್ಕೆ ಅಯಸ್ಕಾಂತ ಅಂಟಿಕೊಂಡರೆ ಒಳಗೆ ಕಬ್ಬಿಣ. ಅಂಟದಿದ್ದರೂ ನಂಬಬೇಡ, ಹಿಂಬದಿಯಲ್ಲಿ ಮೊಳೆಯಿಂದ ಸಣ್ಣಗೆ ಕೆರೆದು ನೋಡು, ಬೂದು ಬಣ್ಣ ಕಂಡರೆ ಅದು ಸತುವಿನ ಎರಕ, ಜೋರಾದ ಜಗ್ಗಿಗೆ ಪಟ್ಟನೆ ಮುರಿಯುತ್ತದೆ.

ಇನ್ನು ಅವ್ವನ ವಿಷಯ. ಸಂಜೆ ಹೊತ್ತು ಹುಲಿಯಾನನ್ನು ಅವರು ಹಿಡಿದುಕೊಂಡು ಹೋಗುತ್ತಾರೆ ಅಂತ ಬರೆದಿದ್ದಿ, ನನಗೆ ಹೆದರಿಕೆ ಅಲ್ಲೇ. ಹಾರ್ನೆಸ್ ಹಾಕಿದ ಮಾತ್ರಕ್ಕೆ ನಾಯಿ ಎಳೆಯುವುದನ್ನು ಬಿಡುವುದಿಲ್ಲ. ಬೆನ್ನಿನ ರಿಂಗಿಗೆ ಹಗ್ಗ ಕಟ್ಟಿದರೆ ಮೈಭಾರವನ್ನೆಲ್ಲ ಹಾಕಿ ಎಳೆಯಲು ಅವನಿಗೆ ಇನ್ನೂ ಅನುಕೂಲ. ಅದಕ್ಕೇ ಎದೆಯ ಮುಂದೆ, ಪಟ್ಟಿಗಳು ಕೂಡುವ ಜಾಗದಲ್ಲಿ, ಇನ್ನೊಂದು ರಿಂಗು ಹಾಕಿಸು. ಅವ್ವ ಹಿಡಿಯುವಾಗ ಹಗ್ಗ ಅಲ್ಲಿರಲಿ. ಅವನು ಮುನ್ನುಗ್ಗಿದರೆ ಮೈ ಪಕ್ಕಕ್ಕೆ ತಿರುಗುತ್ತದೆ, ಜೋರು ಅರ್ಧಕ್ಕೆ ನಿಲ್ಲುತ್ತದೆ. ಜೊತೆಗೆ ಬೆನ್ನ ಮೇಲೆ ಕೈಹಿಡಿಕೆ ಇದ್ದರೆ ದಾರಿಯಲ್ಲಿ ಟ್ರ್ಯಾಕ್ಟರ್ ಬಂದಾಗ ಪಕ್ಕಕ್ಕೆ ಹಿಡಿದು ನಿಲ್ಲಿಸಬಹುದು. ಜಗ್ಗದೆ ನಡೆಯುವುದನ್ನು ಮಾತ್ರ ನೀನೇ ಕಲಿಸಬೇಕು ಮಾರಾಯ, ಅದನ್ನು ಯಾವ ಚರ್ಮವೂ ಕಲಿಸುವುದಿಲ್ಲ.

ನಿನ್ನ ಚಿಕ್ಕಪ್ಪನ ಮಗ ಮುಧೋಳ ತಳಿಯ ಮರಿ ತರುತ್ತಾನಂತೆ, ಒಳ್ಳೆಯದು. ತಿಮ್ಮಾಪುರದ ಶ್ವಾನ ಸಂಶೋಧನಾ ಕೇಂದ್ರದಲ್ಲಿ ವಿಚಾರಿಸಲು ಹೇಳು. ಆದರೆ ಹುಲಿಯಾನ ಹಳೇ ಪಟ್ಟಿಯನ್ನು ಆ ನಾಯಿಗೆ ಕೊಡಬೇಡಿ. ಅದರ ಎದೆ ಆಳ, ಸೊಂಟ ಸಣ್ಣ, ತಲೆ ಕಿರಿದು, ಹಿಂದಕ್ಕೆ ಸರಿದರೆ ಸಾಮಾನ್ಯ ಹಾರ್ನೆಸ್ಸಿನಿಂದ ಸಲೀಸಾಗಿ ಕಳಚಿಕೊಳ್ಳುತ್ತದೆ. ಅದಕ್ಕೆ ಪಕ್ಕೆಲುಬು ಮುಗಿಯುವ ಕಡೆ ಎರಡನೇ ಹೊಟ್ಟೆಪಟ್ಟಿ ಬೇಕು. ಕೂದಲು ಗಿಡ್ಡ, ಚರ್ಮ ತೆಳು, ಅಸ್ತರೂ ಇನ್ನಷ್ಟು ಮೆತ್ತಗಿರಲಿ.

ಹೊಸ ಚರ್ಮ ಮೊದಮೊದಲು ಬಿರುಸು. ಮೊದಲ ವಾರ ಅಂಗಳದಲ್ಲಿ ಸ್ವಲ್ಪ ಹೊತ್ತು ಹಾಕಿ ತೆಗೆ, ತೆಗೆದಾಗಲೆಲ್ಲ ಕಂಕುಳಲ್ಲಿ ಕೂದಲು ಸರಿಸಿ ನೋಡು. ನೆನೆದರೆ ನೆರಳಿನಲ್ಲಿ ಒಣಗಿಸು, ಬಿಸಿಲಿಗೆ ಹಾಕಿದರೆ ಬಿರಿಯುತ್ತದೆ. ಆಗಾಗ ಹರಳೆಣ್ಣೆಯನ್ನು ಬಟ್ಟೆಯಲ್ಲಿ ತೆಳ್ಳಗೆ ಒರೆಸು. ಕಟ್ಟಿಹಾಕಿ ಮಲಗಿಸುವಾಗ ತೆಗೆದುಬಿಡು, ಕಡಿದು ಹಾಕುತ್ತಾನೆ.

ಅಳತೆ ಹೀಗೆ ತೆಗೆ. ಅವನು ನಿಂತಿರಲಿ. ಕೊರಳ ಬುಡದ ಸುತ್ತು, ಮುಂಗಾಲಿನ ಮೊಣಕೈಯಿಂದ ನಾಲ್ಕು ಬೆರಳು ಹಿಂದೆ ಎದೆಯ ಸುತ್ತು, ಎದೆಯ ಮುಂದಿನ ಮೂಳೆಯಿಂದ ಕಾಲುಗಳ ನಡುವೆ ಹಾದು ಆ ಸುತ್ತಿನವರೆಗಿನ ಉದ್ದ, ಅದೇ ರೀತಿ ಮೇಲೆ ಹೆಗಲ ನಡುವಿನಿಂದ ಸುತ್ತಿನವರೆಗೆ. ನಿಮ್ಮಪ್ಪ ಎತ್ತಿಗೆ ಜತಿಗಿ (ನೊಗದ ಕೊರಳಪಟ್ಟಿ) ಕಟ್ಟಿ ಬೆರಳು ತೂರಿಸಿ ನೋಡುತ್ತಿದ್ದರಲ್ಲ, ಹಾಗೆಯೇ ಎಲ್ಲ ಕಡೆ ಎರಡು ಬೆರಳು ಸಲೀಸಾಗಿ ಹೋಗಬೇಕು. ನಾಲ್ಕೂ ಅಳತೆ ಬರೆದು ವಾಟ್ಸಾಪಿನಲ್ಲಿ ಕಳಿಸು, ಇಲ್ಲಿ ಚರ್ಮ ಆರಿಸಿ ಕತ್ತರಿಸಲು ಹೇಳಿರುತ್ತೇನೆ. ಕೊನೆಯ ಹೊಲಿಗೆಗೂ ತೂತು ಹೊಡೆಯುವುದಕ್ಕೂ ಹುಲಿಯಾನೇ ಬರಬೇಕು. ನಸುಕಿನಲ್ಲಿ ಹೊರಟರೆ ಬಿಸಿಲೇರುವ ಮೊದಲು ಮುಟ್ಟುತ್ತೀರಿ. ಅವ್ವನನ್ನೂ ಕರೆದುಕೊಂಡು ಬಾ, ಹಿಡಿಕೆಯ ಎತ್ತರ ಅವರ ಕೈಗೇ ನೋಡಿ ಹೊಲಿಸೋಣ.

ನಿನ್ನ,
ಅಥಣಿಯ ಗೆಳೆಯ