ಮೊಡವೆಗೆ ಪಿಲ್ಸ್, ಡಾಕ್ಟ್ರನ್ನ ಕೇಳ್ದೆ ಬೇಡ

ಸಂಪಾದಕರಿಗೆ ನಮಸ್ಕಾರ,

ನಮ್ಮ ಹಾಸನದಲ್ಲಿ ಕಾಲೇಜು ಹುಡುಗೀರು ಮೊಡವೆಗೆ ಅಂತ ಗರ್ಭನಿರೋಧಕ ಮಾತ್ರೆ ತಗೊಳ್ಳೋದು ಈಗೀಗ ಕೇಳಿಬರ್ತಿದೆ, ವಿಷಯ ಗೊತ್ತಾದ್ರೆ ಮನೇಲಿ ರಂಪ. ಇದ್ರಲ್ಲಿ ನಾಚಿಕೆ ಪಡೋದೇನೂ ಇಲ್ಲ. ಗದ್ದ, ದವಡೆ ಹತ್ರ ಮುಟ್ಟಿಗೆ ಮುಂಚೆ ಜಾಸ್ತಿ ಆಗೋ ಮೊಡವೆಗೆ ಹಾರ್ಮೋನ್ ಕಾರಣ ಇರಬಹುದು, ಈಸ್ಟ್ರೋಜನ್, ಪ್ರೊಜೆಸ್ಟಿನ್ ಅನ್ನೋ ಎರಡೂ ಹಾರ್ಮೋನ್ ಇರೋ ಮಾತ್ರೆ ಆಂಡ್ರೋಜನ್ (ಗಂಡಸರಲ್ಲಿ ಜಾಸ್ತಿ ಇರೋ ಹಾರ್ಮೋನ್) ಪ್ರಭಾವ ತಗ್ಗಿಸಿ ಚರ್ಮದ ಜಿಡ್ಡು ಕಮ್ಮಿ ಮಾಡತ್ತೆ, ಅದಕ್ಕೇ ಡಾಕ್ಟ್ರೂ ಬರ್ಕೊಡ್ತಾರೆ. ಆದ್ರೆ ವಾರದಲ್ಲಿ ಮುಖ ಕ್ಲೀನ್ ಆಗಲ್ಲ, 3 ತಿಂಗಳಾದ್ರೂ ಕಾಯ್ಬೇಕು. ಪ್ರೊಜೆಸ್ಟಿನ್ ಒಂದೇ ಇರೋ ಮಾತ್ರೇಲಿ ಕೆಲವ್ರಿಗೆ ಮೊಡವೆ ಇನ್ನೂ ಜಾಸ್ತಿ ಆಗತ್ತೆ.

ನನ್ನ ಸಂಕಟ ಬೇರೆ. ನಮ್ಮಕ್ಕನ ಮಗಳು ಫ್ರೆಂಡ್ ತಗೊಳ್ಳೋ ಸ್ಟ್ರಿಪ್ಪಿನ ಫೋಟೋ ಮೆಡಿಕಲ್ಲಲ್ಲಿ ತೋರಿಸಿದ್ಲಂತೆ, ಬಿಪಿ ಇದ್ಯಾ ಮೈಗ್ರೇನ್ ಇದ್ಯಾ ಅಂತ ಒಂದ್ ಮಾತೂ ಕೇಳ್ದೆ ಪೇಪರಲ್ಲಿ ಸುತ್ತಿ ಕೊಟ್ರಂತೆ. ಕಣ್ಮುಂದೆ ಮಿಂಚು ಹೊಡ್ದಂಗಾಗಿ ತಲೆನೋವು ಬರೋರಿಗೆ, ಹಿಂದೆ ರಕ್ತ ಹೆಪ್ಪುಗಟ್ಟಿರೋರಿಗೆ, ಬಿಪಿ ಜಾಸ್ತಿ ಇರೋರಿಗೆ ಈಸ್ಟ್ರೋಜನ್ ಇರೋ ಮಾತ್ರೆ ಅಪಾಯ ಕಣ್ರೀ. ಆರೋಗ್ಯ ಇಲಾಖೆಯೋರು ಕಾಲೇಜುಗಳಿಗೆ ಚರ್ಮದ ಡಾಕ್ಟ್ರನ್ನ, ಲೇಡಿ ಡಾಕ್ಟ್ರನ್ನ ಕರೆಸಿ, ಅಮ್ಮಂದಿರನ್ನೂ ಕೂರಿಸ್ಕೊಂಡು ಇದನ್ನ ಬಿಡಿಸಿ ಹೇಳಿಸ್ಲಿ.

– ಒಬ್ಬ ಗೃಹಿಣಿ, ಹಾಸನ