ಅರೈಜೀತ್ ರೇಟಿನ ಜಗಳ: ಗುಂಪಿಗೆ ಸೂಚನೆ

ಎಲ್ರಿಗೂ ನಮಸ್ಕಾರ. ನಿನ್ನೆ ರಾತ್ರಿ ಹಾಕಿಯ ಯುವ ಫಾರ್ವರ್ಡ್ ಅರೈಜೀತ್ ಸಿಂಗ್ ಹುಂಡಾಲ್ ಎಷ್ಟು ಬೆಲೆ ಬಾಳ್ತಾನೆ ಅಂತ ಶುರುವಾದ ಮಾತು ಒಂದೂವರೆವರೆಗೂ ನಡೀತು. ಬೆಳಿಗ್ಗೆ ನೋಡಿದ್ರೆ 200ಕ್ಕೂ ಹೆಚ್ಚು ಮೆಸೇಜು. ಹನ್ನೊಂದಾದ ಮೇಲೆ ವಾಯ್ಸ್ ನೋಟ್ ಬೇಡ, ದಯವಿಟ್ಟು.

ವಾದ ನಿಲ್ಲಿಸಿ ಅಂತಿಲ್ಲ, ಲೆಕ್ಕ ಇಟ್ಕೊಂಡು ಮಾಡಿ. 2024ರ ಹಾಕಿ ಇಂಡಿಯಾ ಲೀಗ್ ಹರಾಜಿನಲ್ಲಿ ಒಂದು ತಂಡದ ಕೈಲಿದ್ದದ್ದು 4 ಕೋಟಿ, ಆಟಗಾರರು 24 ಜನ. ತಲೆಗೆ ಹದಿನೇಳು ಲಕ್ಷವೂ ಬರಲ್ಲ. ಅದರಲ್ಲಿ ಒಂದು ತಂಡ ಡಿಫೆಂಡರ್ ಹರ್ಮನ್‌ಪ್ರೀತ್‌ಗೆ 78 ಲಕ್ಷ, ಇನ್ನೊಂದು ತಂಡ ಫಾರ್ವರ್ಡ್ ಅಭಿಷೇಕ್‌ಗೆ 72 ಲಕ್ಷ ಕೊಟ್ಟಿತು. ಹುಡುಗರ ಮೇಲೆ ಸುರಿಯೋಕೆ ಉಳಿಯೋದೆಷ್ಟು?

ಜೂನಿಯರ್ ಏಷ್ಯಾ ಕಪ್ ಫೈನಲ್‌ನಲ್ಲಿ ಅರೈಜೀತ್ ಪಾಕಿಸ್ತಾನದ ಮೇಲೆ 4 ಗೋಲು ಹೊಡೆದ, ನಿಜ. ಆದ್ರೆ ಹೆಚ್ಚಿನವು, ಡಿ ಒಳಗೆ (ಗೋಲಿನ ಮುಂದಿನ ಅರ್ಧವೃತ್ತ) ಎದುರಾಳಿ ತಪ್ಪು ಮಾಡಿದ್ರೆ ಸಿಗೋ ಪೆನಾಲ್ಟಿ ಕಾರ್ನರ್‌ದು. ಡಿ ಒಳಗೆ ಬೆನ್ನಿಗೆ ಡಿಫೆಂಡರ್ ಅಂಟಿಕೊಂಡಾಗ ಬಾಲ್ ನಿಲ್ಲಿಸಿ, ಎದುರಾಳಿ ಕಾಲಿಗೆ ತಾಗಿಸಿ ಕಾರ್ನರ್ ಕಿತ್ಕೊಳ್ಳೋ ಕೆಲಸ ಸ್ಕೋರ್‌ಕಾರ್ಡಲ್ಲಿ ಕಾಣಲ್ಲ. ನಾನು ಬೆಲೆ ಕಟ್ಟೋದು ಅದಕ್ಕೆ.

ಕಾಂಟ್ರಾಕ್ಟ್ ವಿಷಯಕ್ಕೆ ಬಂದ್ರೆ, 2017ರ ಸೀಸನ್ ಆದ್ಮೇಲೆ ಲೀಗ್ ಏಳು ವರ್ಷ ಬಾಗಿಲು ಹಾಕಿತ್ತು, ಮರೀಬೇಡಿ. ಹಾಗಾಗಿ ರೈಲ್ವೇಸೋ ಇಂಡಿಯನ್ ಆಯಿಲೋ ಆಟಗಾರರಿಗೆ ಕೊಡೋ ನೌಕರಿ ಇವತ್ತಿಗೂ ದೊಡ್ಡ ಕಾಂಟ್ರಾಕ್ಟೇ.

ಉಳಿದದ್ದು ಭಾನುವಾರ ಏಳಕ್ಕೆ, ಬಲ್ಲಾಳ್ ಸರ್ಕಲ್ ಹತ್ರದ ನಮ್ಮ ಟೀ ಅಂಗಡಿಲಿ. ಹೋದ ಸಲ ಉಪ್ಪು, ಮೆಣಸಿನ ಡಬ್ಬಿ ಇಟ್ಟು ಪ್ರೆಸ್ಸಿಂಗ್ (ಬಾಲ್ ಕಿತ್ಕೊಳ್ಳೋಕೆ ಎದುರಾಳಿ ಮೇಲೆ ಮುಗಿಬೀಳೋದು) ತೋರಿಸಿದವರು ಗ್ಲಾಸ್ ಒಡೆದಿದ್ರು. ಆ 30 ರೂಪಾಯಿ ಇನ್ನೂ ಬಾಕಿ.