ಇಂಜೆಕ್ಷನ್ ಶುರುವಾಗಿ ಒಂದು ವರ್ಷ: ಹೇಳಲೇಬೇಕಾದ ಕೆಲವು ಕೃತಜ್ಞತೆಗಳು

ನನ್ನ ಎಲ್‌ಡಿಎಲ್ ಎಂಬ ಕೆಟ್ಟ ಕೊಲೆಸ್ಟ್ರಾಲ್ ಈ ಸಲವೂ 38. ರಿಪೋರ್ಟ್ ಕೈಯಲ್ಲಿ ಹಿಡಿದುಕೊಂಡೇ ಇದನ್ನು ಬರೆಯುತ್ತಿದ್ದೇನೆ.

2024ರ ಡಿಸೆಂಬರ್‌ನಲ್ಲಿ ಎದೆ ಹಿಂಡಿ ಬೆವರು ಕಿತ್ತುಕೊಂಡು ಬಂದಾಗ ಅದು 214 ಇತ್ತು. ಆಗ ನನಗೆ 46 ವರ್ಷ. ಅಪ್ಪ ತೀರಿಕೊಂಡಿದ್ದೂ ಅದೇ ವಯಸ್ಸಿಗೆ, ಹೀಗೇ, ತೋಟದಲ್ಲಿ. ತಾಲ್ಲೂಕು ಆಸ್ಪತ್ರೆಯಲ್ಲಿ ಇಸಿಜಿ ತೆಗೆದು, ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಡಿ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಕೊಟ್ಟು ಬೆಂಗಳೂರಿಗೆ ಕಳಿಸಿದರು. ನಾನು ಒಂದು ರೂಪಾಯಿ ಕೊಡಲಿಲ್ಲ. ಆ ರಾತ್ರಿ ಡ್ಯೂಟಿಯಲ್ಲಿದ್ದ ಡಾಕ್ಟರಮ್ಮನ ಹೆಸರು ಕೇಳುವಷ್ಟು ಎಚ್ಚರ ನನಗಿರಲಿಲ್ಲ. ಅಮ್ಮಾ, ಮೊದಲ ನಮಸ್ಕಾರ ನಿಮಗೆ.

ಸ್ಟೆಂಟ್ ಆಯಿತು. ಕೊಲೆಸ್ಟ್ರಾಲ್ ಇಳಿಸಲು ರೋಸುವಾಸ್ಟಾಟಿನ್ 40 ಎಂಬ ಸ್ಟಾಟಿನ್ ಮಾತ್ರೆ, ಜೊತೆಗೆ ಎಜೆಟಿಮೈಬ್ ಮಾತ್ರೆ. ಪಥ್ಯ, ನಡಿಗೆ, ಯಾವುದನ್ನೂ ತಪ್ಪಿಸಲಿಲ್ಲ. ಆದರೂ 98ರಿಂದ ಕೆಳಗಿಳಿಯಲಿಲ್ಲ. ನಮ್ಮ ಡಾಕ್ಟರ್‌ಗೆ ಬೇಕಿದ್ದದ್ದು 50ರ ಒಳಗೆ. "ಇದು ನಿಮ್ಮ ತಪ್ಪಲ್ಲ, ವಂಶದಲ್ಲೇ ಬಂದಿರೋದು" ಅಂದರು. ಆ ಮಾತು ಕೇಳಿ ನನ್ನಾಕೆ ಅತ್ತೇ ಬಿಟ್ಟಳು. ಅಷ್ಟು ದಿನ ತನ್ನ ಅಡಿಗೆಯದೇ ದೋಷ ಅಂದುಕೊಂಡಿದ್ದಳಂತೆ.

ಹದಿನೈದು ದಿನಕ್ಕೊಮ್ಮೆ ಹೊಟ್ಟೆಯ ಚರ್ಮದಡಿ ಚುಚ್ಚುವ ಎವೊಲೊಕುಮ್ಯಾಬ್ ಇಂಜೆಕ್ಷನ್ ಶುರುವಾಗಿದ್ದು ಆಮೇಲೆ. ಇನ್ನು ಮಾತ್ರೆ ಯಾಕೆ ಎಂದು ನಾನು ಎರಡೇ ವಾರಕ್ಕೆ ನಿಲ್ಲಿಸಿಬಿಟ್ಟಿದ್ದೆ. ಮೆಡಿಕಲ್ ಶಾಪಿನ ಹುಡುಗ ಚೀಟಿ ನೋಡಿ, "ಅಂಕಲ್, ಈ ತಿಂಗಳು ಸ್ಟಾಟಿನ್ ತಗೊಂಡೇ ಇಲ್ಲವಲ್ಲ" ಅಂದ. ಅವನು ಕೇಳದಿದ್ದರೆ ನಾನು ಹಾಗೇ ಮುಂದುವರಿಸುತ್ತಿದ್ದೆ. ತಮ್ಮಾ, ನಿನ್ನನ್ನು ಮರೆಯಲಾರೆ.

ಡಾಕ್ಟರ್ ಬೈಯಲಿಲ್ಲ. ನಾವು ಕಾಫಿ ಸೀಮೆಯವರೆಂದು ಬುಟ್ಟಿಯ ಲೆಕ್ಕದಲ್ಲೇ ತಿಳಿಸಿದರು. ರಕ್ತದಲ್ಲಿರೋ ಎಲ್‌ಡಿಎಲ್ ಹಣ್ಣಿದ್ದ ಹಾಗೆ. ಲಿವರ್ ರಿಸೆಪ್ಟರ್ ಅನ್ನೋ ಬುಟ್ಟಿ ಹಾಕಿ ಕುಯ್ದುಕೊಳ್ಳುತ್ತೆ, ಖಾಲಿ ಮಾಡಿದ ಬುಟ್ಟಿಯನ್ನೇ ಮತ್ತೆ ಮತ್ತೆ ಕಳಿಸುತ್ತೆ. ಸ್ಟಾಟಿನ್ ತಗೊಂಡರೆ ಲಿವರ್ ಬುಟ್ಟಿ ಜಾಸ್ತಿ ಹೆಣೆಯುತ್ತೆ. ಆದರೆ ಪಿಸಿಎಸ್‌ಕೆ9 ಅನ್ನೋ ಪ್ರೋಟೀನ್ ಬುಟ್ಟಿಗಳನ್ನು ಹಾಳುಮಾಡುತ್ತೆ, ಸ್ಟಾಟಿನ್ ಜೊತೆಗೆ ಅದೂ ಹೆಚ್ಚುತ್ತೆ. ಇಂಜೆಕ್ಷನ್ ಅದನ್ನು ಕಟ್ಟಿಹಾಕುತ್ತೆ. ಹೆಣೆಯೋದಕ್ಕೆ ಒಂದು, ಉಳಿಸೋದಕ್ಕೆ ಇನ್ನೊಂದು. ಅವತ್ತಿನಿಂದ ಒಂದು ರಾತ್ರಿಯೂ ಮಾತ್ರೆ ತಪ್ಪಿಲ್ಲ.

ಮುಖವೇ ಕಾಣದ ಇನ್ನೂ ಕೆಲವರಿಗೆ ನಾನು ಋಣಿ. 2017ರಲ್ಲಿ ಪ್ರಕಟವಾದ ಫೋರಿಯರ್ ಅಧ್ಯಯನದಲ್ಲಿ 49 ದೇಶಗಳ 27,564 ಮಂದಿ ಇದ್ದರು. ಎಲ್ಲರೂ ಆಗಲೇ ಸ್ಟಾಟಿನ್ ತೆಗೆದುಕೊಳ್ಳುತ್ತಿದ್ದ ರೋಗಿಗಳು. ಈ ಇಂಜೆಕ್ಷನ್ ಸೇರಿಸಿದವರ ಎಲ್‌ಡಿಎಲ್ ಸುಮಾರು 92ರಿಂದ 30ಕ್ಕೆ ಇಳಿಯಿತು. ಹೃದಯಾಘಾತ, ಪಾರ್ಶ್ವವಾಯು, ಮತ್ತೆ ಸ್ಟೆಂಟ್ ಹಾಕಿಸಬೇಕಾಗುವುದು, ಇಂಥವೆಲ್ಲ ಸೇರಿ ಶೇ 15ರಷ್ಟು ಕಡಿಮೆಯಾದವು. ಅವರಲ್ಲಿ ಅರ್ಧದಷ್ಟು ಜನ ಎರಡು ವರ್ಷಕ್ಕೂ ಹೆಚ್ಚು ಕಾಲ ಚುಚ್ಚಿಸಿಕೊಂಡದ್ದು ಮದ್ದಿಲ್ಲದ ಸೂಜಿ. ತಮಗೆ ಸಿಕ್ಕಿದ್ದು ಮದ್ದೋ ಅಲ್ಲವೋ ಗೊತ್ತಿಲ್ಲದೆಯೇ ಅವರು ತೋಳು, ಹೊಟ್ಟೆ ಒಡ್ಡಿದರು. ಪ್ರತಿ ಸಲ ಸೂಜಿ ಚುಚ್ಚುವಾಗ ನನಗೆ ಅವರ ನೆನಪಾಗುತ್ತದೆ.

ಔಷಧಿ ದುಬಾರಿ. ತಂಗಿ ತನ್ನ ಚೀಟಿ ದುಡ್ಡು ಎತ್ತಿ ಕೊಟ್ಟಳು, ವಾಪಸ್ ಕೇಳಲೇ ಇಲ್ಲ. ಇಂಥ ತಂಗಿ ಇಲ್ಲದವರ ಗತಿಯೇನು ಎಂದು ನೆನೆದರೆ ಸಂಕಟವಾಗುತ್ತದೆ. ತಾಲ್ಲೂಕು ಆಸ್ಪತ್ರೆಯ ಆ ರಾತ್ರಿಯ ಮದ್ದಿನ ಹಾಗೆ ಇದೂ ಬಡವರಿಗೆ ಸಿಗುವಂತಾಗಬೇಕು.

ಡಾಕ್ಟರ್ ಹೇಳಿದಂತೆ ಮನೆಯವರೆಲ್ಲ ರಕ್ತ ಪರೀಕ್ಷೆ ಮಾಡಿಸಿದೆವು. ಮಗಳದು ಸರಿಯಾಗಿದೆ. ತಮ್ಮನದು 190 ದಾಟಿತ್ತು, ಅವನೂ ಸ್ಟಾಟಿನ್ ಶುರುಮಾಡಿದ್ದಾನೆ. ಅವನಿಗೆ ಎದೆನೋವು ಒಮ್ಮೆಯೂ ಬಂದಿಲ್ಲ.

ಹೋದ ತಿಂಗಳು ನನಗೆ 47 ತುಂಬಿತು. ಮುಂದಿನ ಇಂಜೆಕ್ಷನ್ ಇದೇ ಭಾನುವಾರ. ಸಿಸ್ಟರ್ ಹತ್ತಿರ ಕಲಿತುಕೊಂಡು ಬಂದ ಮಗಳೇ ಕೊಡುತ್ತಾಳೆ. ಅರ್ಧ ಗಂಟೆ ಮೊದಲೇ ಫ್ರಿಜ್‌ನಿಂದ ತೆಗೆದಿಟ್ಟು ಕಾಯುತ್ತಾಳೆ, ತಣ್ಣಗಿದ್ದರೆ ಅಪ್ಪನಿಗೆ ಉರಿಯುತ್ತದೆ ಅಂತ.